ಮೊದಲ ಏರ್ ರೈಫಲ್ ಪಂದ್ಯಕ್ಕೆ ತಯಾರಿ: ಮೊದಲು ಕಾಲು, ಕೊನೆಗೆ ಸೈಟ್

ದಾವಣಗೆರೆಯಲ್ಲಿ ನಾವು ಅಭ್ಯಾಸ ಮಾಡುವ ಹಳೇ ಗೋದಾಮಿಗೆ ಹೊಸದಾಗಿ ಬರುವವರಲ್ಲಿ ಎರಡು ಥರದವರಿದ್ದಾರೆ. ಎನ್‌ಸಿಸಿ ಕ್ಯಾಂಪಿನಲ್ಲಿ ಮಲಗಿಕೊಂಡು .22 ರೈಫಲ್ ಹೊಡೆದವರು ಒಂದಿಷ್ಟು ಜನ. ದುಗ್ಗಮ್ಮನ ಜಾತ್ರೆಯಲ್ಲಿ ಬಲೂನು ಒಡೆದು ತಮಗೆ ಗುರಿ ಚೆನ್ನಾಗಿದೆ ಅಂದುಕೊಂಡು ಬಂದವರು ಇನ್ನೊಂದಿಷ್ಟು ಜನ. ತಿಂಗಳು ಕಳೆಯುವುದರಲ್ಲಿ ಇಬ್ಬರೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಶಾಟ್ ಬಲಕ್ಕೆ ಹೋಯಿತು ಅಂದರೆ ಕೈ ಸೀದಾ ಸೈಟಿನ, ಅಂದರೆ ರೈಫಲ್ ಮೇಲೆ ಗುರಿ ನೋಡುವ ಸಾಧನದ, ತಿರುಪಿಗೆ. ಎರಡು ಕ್ಲಿಕ್ ಆ ಕಡೆ. ಮುಂದಿನದು ಎಡಕ್ಕೆ ಬೀಳುತ್ತದೆ, ಮತ್ತೆ ಎರಡು ಕ್ಲಿಕ್ ಈ ಕಡೆ. ಒಂದು ತಾಸಿನೊಳಗೆ ಸೈಟ್ ಮೊದಲು ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ.

ಹೋದ ವಾರವೂ ಒಬ್ಬ ಹುಡುಗ ಬಂದು, "ಸರ, ಸೈಟ್ ಕೆಟ್ಟೈತಿ ಅನ್ಸುತ್ತೆ ನೋಡ್ರಿ" ಅಂದ. ನಾನು ಸೈಟ್ ಮುಟ್ಟಲಿಲ್ಲ. ಅವನ ಬೂಟಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಹತ್ತು ಶಾಟ್ ಹೊಡಿಯಪ್ಪ" ಅಂದೆ. ಹತ್ತು ಮುಗಿಯುವಾಗ ಎಡಗಾಲು ಗೆರೆಯಿಂದ ಎರಡು ಬೆರಳು ಆಚೆ ಹೋಗಿತ್ತು. ಸೈಟಿಗೆ ಏನೂ ಆಗಿರಲಿಲ್ಲ.

ಈ ಬರಹ 10 ಮೀಟರ್ ಏರ್ ರೈಫಲ್ ಬಗ್ಗೆ ಮಾತ್ರ. ನಿಂತು ಹೊಡೆಯುವ ಆಟ ಇದು. ಬಲಗೈಯವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ, ಎಡಚರು ಎಡ-ಬಲ ಅದಲುಬದಲು ಮಾಡಿಕೊಳ್ಳಿ. ಹಂತಗಳ ಕ್ರಮ ಮಾತ್ರ ಯಾರೂ ಬದಲಿಸಬೇಡಿ.

## 1. ರೈಫಲ್ ಕೈಗೆ ಬರುವ ಮೊದಲು

ಏರ್ ರೈಫಲ್ ಅಂದರೆ ಆಟದ ಸಾಮಾನು ಅನ್ನುವ ಭಾವನೆ ನಮ್ಮ ಕಡೆ ಇನ್ನೂ ಇದೆ. ಅದರ ಪೆಲೆಟ್, ಅಂದರೆ ಪುಟ್ಟ ಗುಂಡು, ಹತ್ತಿರದಿಂದ ಬಿದ್ದರೆ ಕಣ್ಣು ಹೋಗುತ್ತದೆ. ಅದಕ್ಕೇ ಮೊದಲ ದಿನ ನಾವು ಒಂದು ಪೆಲೆಟ್ಟನ್ನೂ ಕೊಡುವುದಿಲ್ಲ.

ಮೊದಲ ದಿನ ಕಲಿಯಬೇಕಾದ್ದು ಇಷ್ಟು. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಯಾರಾದರೂ ಕರೆದರೆ ರೈಫಲ್ ಹಿಡಿದುಕೊಂಡು ಮೈ ತಿರುಗಿಸಬಾರದು, ಕೆಳಗಿಟ್ಟು ತಿರುಗಬೇಕು. ಸೈಟಿನಲ್ಲಿ ಗುರಿ ಕಾಣುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಹೊಡೆಯದೆ ಇರುವಾಗ ನಳಿಗೆಯೊಳಗೆ ಈ ತುದಿಯಿಂದ ಆ ತುದಿಯವರೆಗೆ, ಅದು ಖಾಲಿ ಅಂತ ತೋರಿಸುವ ಸೇಫ್ಟಿ ಫ್ಲ್ಯಾಗಿನ ಬಣ್ಣದ ದಾರ ಇರಬೇಕು. ಪಂದ್ಯದಲ್ಲಿ ಆ ದಾರ ಇಲ್ಲದೆ ರೈಫಲ್ ಇಟ್ಟರೆ ರೇಂಜ್ ಆಫೀಸರ್, ಅಂದರೆ ಶೂಟಿಂಗ್ ಜಾಗದ ಮೇಲ್ವಿಚಾರಕರು, ಬಂದು ಎಚ್ಚರಿಸುತ್ತಾರೆ. "ಸ್ಟಾಪ್" ಅಂದ ಕೂಡಲೇ ನಿಲ್ಲಿಸಬೇಕು. "ಇದೊಂದು ಹೊಡೆದುಬಿಡ್ತೀನಿ" ಅನ್ನುವುದಕ್ಕೆ ಇಲ್ಲಿ ಜಾಗವಿಲ್ಲ.

ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಗನ್ ಇದ್ದವರಿಗೆ ಇನ್ನೆರಡು ಮಾತು. ಪೆಲೆಟ್ ಹಾಕುವಾಗ ಇನ್ನೊಂದು ಕೈಯಿಂದ ನಳಿಗೆಯನ್ನು ಗಟ್ಟಿಯಾಗಿ ಹಿಡಿದೇ ಇರಿ. ಅದು ಜಾರಿ ವಾಪಸು ಬಡಿದರೆ ಬೆರಳಿನ ಗತಿ ಹೇಳುವ ಹಾಗಿಲ್ಲ. ಮತ್ತೆ, ಪೆಲೆಟ್ ಇಲ್ಲದೆ ಆ ಗನ್ ಹೊಡೆಯಬೇಡಿ. ಒಳಗಿನ ಪಿಸ್ಟನ್, ಸ್ಪ್ರಿಂಗ್ ಹಾಳಾಗುತ್ತವೆ.

ನಳಿಗೆಯ ತೂತು 4.5 ಮಿ.ಮೀ., ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್ಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಹಾಗಂತ ಮನೆಯ ತಾರಸಿ ಮೇಲೆ ಹೊಡೆಯಬೇಡಿ. ಗೋಡೆಗೆ ಬಿದ್ದ ಪೆಲೆಟ್ ಯಾವ ಕಡೆ ಪುಟಿಯುತ್ತದೆ ಅಂತ ಯಾರೂ ಹೇಳಲಾರರು.

## 2. ಸಾಮಾನು: ಯಾವುದು ಮೊದಲು, ಯಾವುದು ಆಮೇಲೆ

ಅಪ್ಪ-ಅಮ್ಮಂದಿರು ಮೊದಲು ಕೇಳುವುದು ರೈಫಲ್ ಬಗ್ಗೆ. ನಾನು ಕೊನೆಗೆ ಹೇಳುವುದು ಅದನ್ನೇ. ಮೊದಲ ಆರು ತಿಂಗಳು ಅಭ್ಯಾಸದ ಜಾಗದಲ್ಲಿರುವ ರೈಫಲ್ ಸಾಕು.

ದುಡ್ಡು ಹಾಕುವುದಾದರೆ ಮೊದಲು ಜಾಕೆಟ್ಟಿಗೆ ಹಾಕಿ. ಕ್ಯಾನ್ವಾಸ್ ಮತ್ತು ಚರ್ಮ ಸೇರಿಸಿ ಹೊಲಿದ ಈ ದಪ್ಪ ಜಾಕೆಟ್ ಬೆನ್ನಿಗೆ, ಸೊಂಟಕ್ಕೆ ಆಸರೆ ಕೊಡುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮಗು ಬೆಳೆಯುತ್ತದೆ ಅಂತ ಒಂದು ಸೈಜ್ ದೊಡ್ಡದು ತರುತ್ತಾರೆ. ಸ್ಕೂಲ್ ಯೂನಿಫಾರ್ಮಿಗೆ ಸರಿ, ಶೂಟಿಂಗ್ ಜಾಕೆಟ್ಟಿಗೆ ಅಲ್ಲ. ಸಡಿಲವಾದ ಜಾಕೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಿರಿಯ ಶೂಟರ್‌ಗಳ ಹಳೆಯ ಜಾಕೆಟ್ ಮೈಗೆ ಸರಿಯಾಗಿ ಕೂತರೆ ಹೊಸ ದೊಡ್ಡ ಜಾಕೆಟ್ಟಿಗಿಂತ ಸಾವಿರ ಪಾಲು ಮೇಲು.

ಆಮೇಲೆ ಎಡಗೈಗೆ ಗ್ಲೌಸ್, ಚಪ್ಪಟೆ ಅಟ್ಟೆಯ ಬೂಟು. ಪ್ಯಾಂಟ್ ಇನ್ನೂ ಆಮೇಲೆ. ಎಡಗಣ್ಣಿನ ಮುಂದೆ ಹಾಕುವ ಪಟ್ಟಿ, ಅಂದರೆ ಬ್ಲೈಂಡರ್, ಮನೆಯಲ್ಲೇ ಮಾಡಿಕೊಳ್ಳಬಹುದು. ಐಸ್‌ಕ್ರೀಂ ಡಬ್ಬಿಯ ಬಿಳಿ ಮುಚ್ಚಳ ಕತ್ತರಿಸಿ, ಅಗಲ 30 ಮಿ.ಮೀ. ಮೀರದಂತೆ ನೋಡಿಕೊಳ್ಳಿ. ಕಪ್ಪು ಪಟ್ಟಿ ಬೇಡ. ಒಂದು ಕಣ್ಣಿಗೆ ಕತ್ತಲೆ, ಇನ್ನೊಂದಕ್ಕೆ ಬೆಳಕು ಆದರೆ ಗುರಿ ನೋಡುವ ಕಣ್ಣೂ ಬೇಗ ದಣಿಯುತ್ತದೆ. ಒಂದು ಕಣ್ಣು ಮುಚ್ಚಿ ಗುರಿ ಇಡುವುದಂತೂ ಬೇಡವೇ ಬೇಡ, ಆ ಬಿಗಿತ ಮುಖದಿಂದ ಕತ್ತಿಗೆ ಇಳಿಯುತ್ತದೆ.

ಸ್ವಂತ ರೈಫಲ್ ಕೊಳ್ಳುವ ದಿನ ಬಂದಾಗ ನೆನಪಿಡಿ: ಪಂದ್ಯದಲ್ಲಿ 5.5 ಕೆ.ಜಿ. ಮೀರುವಂತಿಲ್ಲ. ಪೆಲೆಟ್ ಚಪ್ಪಟೆ ತಲೆಯದೇ ಬೇಕು, ಕಾಗದದಲ್ಲಿ ಗುಂಡಗೆ ತೂತು ಬೀಳುವುದು ಅದರಿಂದಲೇ. ಪೆಲೆಟ್ ಸೀಸದ್ದು. ಬಾಯಲ್ಲಿ ಇಟ್ಟುಕೊಳ್ಳಬೇಡಿ, ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕಬೇಡಿ.

ಕಂಪ್ರೆಸ್ಡ್ ಏರ್ ರೈಫಲ್ಲಿನ ಸಿಲಿಂಡರ್ ಸಾಮಾನ್ಯವಾಗಿ 200 ಬಾರ್ ಒತ್ತಡದವರೆಗೆ ತುಂಬುತ್ತದೆ. ಅದಕ್ಕೆ ಗಾಳಿ ಮಾತ್ರ ತುಂಬಬೇಕು. ವೆಲ್ಡಿಂಗ್ ಅಂಗಡಿಯಲ್ಲೋ ಬೇರೆಲ್ಲೋ ಆಕ್ಸಿಜನ್ ಸಿಗುತ್ತದೆ ಅಂತ ಅದನ್ನು ತುಂಬಿಸಿದರೆ ಸಿಲಿಂಡರ್ ಸಿಡಿಯಬಹುದು, ಪ್ರಾಣಕ್ಕೇ ಅಪಾಯ. ತುಂಬಿದ ಸಿಲಿಂಡರನ್ನು ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ. ಮೇಲೆ ಅಚ್ಚಾಗಿರುವ ತಾರೀಖು ನೋಡಿ. ಅವಧಿ ಮೀರಿದ ಸಿಲಿಂಡರ್ ಇದ್ದರೆ ಪಂದ್ಯದ ಸಾಮಾನು ತಪಾಸಣೆಯಲ್ಲೇ ನಿಲ್ಲಿಸುತ್ತಾರೆ.

## 3. ನಿಲುವು: ಇಲ್ಲಿ ಒಂದು ತಿಂಗಳು ಕಳೆಯಿರಿ

ಎಲ್ಲರೂ ದಾಟಿ ಓಡುವ ಹಂತ ಇದು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಗುರಿ ನಿಮ್ಮ ಎಡಕ್ಕೆ ಇರುವ ಹಾಗೆ ಅಡ್ಡಲಾಗಿ ನಿಲ್ಲಿ. ಪಾದಗಳ ನಡುವೆ ಭುಜದಷ್ಟು ಅಗಲ. ಮಂಡಿ ನೇರ, ಆದರೆ ಹಿಂದಕ್ಕೆ ಒತ್ತಿ ಲಾಕ್ ಮಾಡಬೇಡಿ. ಈಗ ಎಡ ಸೊಂಟವನ್ನು ಗುರಿಯ ಕಡೆ ಸ್ವಲ್ಪ ಸರಿಸಿ. ಹಳ್ಳಿಯಲ್ಲಿ ನೀರಿನ ಕೊಡ ಸೊಂಟದ ಮೇಲೆ ಇಟ್ಟುಕೊಂಡು ಬರುವ ಹೆಂಗಸರನ್ನು ನೋಡಿದ್ದೀರಲ್ಲ? ಸೊಂಟ ಕೊಡದ ಕಡೆ ಬರುತ್ತದೆ, ಬೆನ್ನು ಆ ಕಡೆಯಿಂದ ತುಸು ವಾಲುತ್ತದೆ. ತೋಳು ಕೊಡವನ್ನು ಎತ್ತುವುದಿಲ್ಲ, ಬೀಳದಂತೆ ತಡೆಯುತ್ತದೆ ಅಷ್ಟೆ. ಭಾರ ಹೊರುವುದು ಮೂಳೆ. ರೈಫಲ್ಲೂ ಹಾಗೆಯೇ. ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಅಥವಾ ಅದರ ಪಕ್ಕದಲ್ಲಿ ಕೂರಬೇಕು. ರೈಫಲ್ಲಿನ ಭಾರ ಅಂಗೈಯಿಂದ ಮುಂಗೈ, ಮುಂಗೈಯಿಂದ ಸೊಂಟ, ಅಲ್ಲಿಂದ ಕಾಲಿಗೆ ಇಳಿದು ಹೋಗಬೇಕು.

ಜಾತ್ರೆಯ ಬಲೂನಿನವರು ಇಲ್ಲಿ ತೋಳಿನಿಂದ ಎತ್ತಿ ಹಿಡಿಯುತ್ತಾರೆ. ಐದು ಶಾಟ್ ಚೆನ್ನಾಗಿ ಹೋಗುತ್ತವೆ, ಇಪ್ಪತ್ತಕ್ಕೆ ತೋಳು ನಡುಗುತ್ತದೆ. ಪಂದ್ಯದಲ್ಲಿ 60 ಇರುತ್ತವೆ.

ತಲೆ ನೆಟ್ಟಗಿರಲಿ. ಕೆನ್ನೆಯನ್ನು ರೈಫಲ್ ಹತ್ತಿರ ಬಗ್ಗಿಸಬೇಡಿ, ರೈಫಲ್ಲನ್ನು ಕೆನ್ನೆಗೆ ತನ್ನಿ. ಅದಕ್ಕೆ ಸರಿಯಾಗುವಂತೆ ಚೀಕ್‌ಪೀಸ್ (ಕೆನ್ನೆ ಕೂರುವ ಭಾಗ) ಏರಿಸಿ ಇಳಿಸಿ, ಬಟ್‌ಪ್ಲೇಟ್ (ಭುಜಕ್ಕೆ ಒರಗುವ ಹಿಂತುದಿ) ಹೊಂದಿಸಿ. ಹೊಂದಿಸಿದ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿ. ಹಂಚಿಕೊಂಡು ಬಳಸುವ ರೈಫಲ್ ಆದರೆ ನಿಮ್ಮ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಿನ್ನೆ ನೀವು ಬಿಟ್ಟ ಹಾಗೆಯೇ ಇವತ್ತು ಇರುತ್ತದೆ ಅಂತ ನಂಬಬೇಡಿ.

ಈಗ ಮುಖ್ಯವಾದ ಪರೀಕ್ಷೆ. ರೈಫಲ್ ಎತ್ತಿ ಗುರಿಯ ಮೇಲೆ ತನ್ನಿ. ಕಣ್ಣು ಮುಚ್ಚಿ. ಎರಡು ಸಲ ಉಸಿರಾಡಿ, ಮೈ ಸಡಿಲ ಬಿಡಿ, ಮೂರನೆಯದನ್ನು ಬಿಡುತ್ತಾ ಕಣ್ಣು ತೆರೆಯಿರಿ. ಸೈಟ್ ಎಲ್ಲಿ ನಿಂತಿದೆಯೋ ಅದು ನಿಮ್ಮ ಮೈ ತೋರಿಸುವ ದಿಕ್ಕು. ಗುರಿಯ ಬಲಕ್ಕೆ ನಿಂತಿದ್ದರೆ ತೋಳಿನಿಂದ ಎಳೆದು ತರಬೇಡಿ. ಬಲಪಾದವನ್ನು ಬೆರಳಿನ ದಿಕ್ಕಿಗೆ ಒಂದೆರಡು ಸೆಂಟಿಮೀಟರ್ ಸರಿಸಿ. ಎಡಕ್ಕೆ ನಿಂತಿದ್ದರೆ ಹಿಮ್ಮಡಿಯ ದಿಕ್ಕಿಗೆ. ಮೇಲೆ ಕೆಳಗೆ ಆಗಿದ್ದರೆ ಎಡಗೈ: ಟ್ರಿಗರ್ ಕಡೆ ತಂದರೆ ನಳಿಗೆ ಮೇಲೇಳುತ್ತದೆ, ಮುಂದಕ್ಕೆ ಒಯ್ದರೆ ಇಳಿಯುತ್ತದೆ. ಮತ್ತೆ ಕಣ್ಣು ಮುಚ್ಚಿ ನೋಡಿ. ಸರಿಹೋದ ಮೇಲೆ ಪಾದದ ಸುತ್ತ ಸೀಮೆಸುಣ್ಣದ ಗೆರೆ.

ತೋಳಿನಿಂದ ಎಳೆದು ತಂದರೆ ಏನಾಗುತ್ತದೆ? ಟ್ರಿಗರ್ ಒತ್ತುವ ಕ್ಷಣದಲ್ಲಿ ಸ್ನಾಯು ಸಡಿಲವಾಗಿ ನಳಿಗೆ ತನ್ನ ಜಾಗಕ್ಕೆ ವಾಪಸು ಹೋಗುತ್ತದೆ. ಸೈಟ್ ಕೆಟ್ಟಿದೆ ಅನ್ನುವವರಲ್ಲಿ ಹೆಚ್ಚಿನವರ ಕಾಯಿಲೆ ಇದೇ.

ಎಚ್ಚರಿಕೆಯ ಲಕ್ಷಣಗಳೂ ಇಲ್ಲೇ ಕಾಣುತ್ತವೆ. ಸೊಂಟದ ಹಿಂಭಾಗ ಚುಚ್ಚಿದಂತೆ ನೋಯುತ್ತಿದ್ದರೆ ಹೆಚ್ಚು ಹಿಂದಕ್ಕೆ ವಾಲುತ್ತಿದ್ದೀರಿ. ಎಡಗೈ ಬೆರಳು ಜೋಮು ಹಿಡಿದರೆ ಮಣಿಕಟ್ಟು ಮಡಚಿದೆ ಅಥವಾ ಗ್ಲೌಸ್ ಬಿಗಿ. ನೋವು ಬಂದ ದಿನ ಅಭ್ಯಾಸ ಅಲ್ಲಿಗೇ ಮುಗಿಸಿ. ನೋವು ತಡೆದುಕೊಂಡು ನಿಂತರೆ ಮೈ ತಪ್ಪು ನಿಲುವನ್ನು ಕಲಿತುಬಿಡುತ್ತದೆ, ಅದನ್ನು ಬಿಡಿಸಲು ಕಲಿಸುವುದಕ್ಕಿಂತ ಹೆಚ್ಚು ದಿನ ಬೇಕು.

## 4. ಮನೆಯಲ್ಲಿ: ಗೋಡೆ ಮತ್ತು ಒಂದು ಕಪ್ಪು ಬಿಂದಿ

ರೇಂಜಿಗೆ ದಿನಾ ಹೋಗಲು ಆಗುವುದಿಲ್ಲ. ಟ್ಯೂಷನ್ ಇರುತ್ತದೆ, ಪರೀಕ್ಷೆ ಇರುತ್ತದೆ. ಸ್ವಂತ ರೈಫಲ್ ಬಂದ ಮೇಲೆ ಮನೆಯಲ್ಲೇ, ಒಂದು ಪೆಲೆಟ್ಟೂ ಇಲ್ಲದೆ, ಅರ್ಧ ಕಲಿಕೆ ಮುಗಿಸಬಹುದು.

10 ಮೀಟರ್ ಟಾರ್ಗೆಟ್ಟಿನ ಕಪ್ಪು ಭಾಗ 30.5 ಮಿ.ಮೀ. ಅಗಲ. ಅದೇ ಗಾತ್ರ 3 ಮೀಟರಿನಲ್ಲಿ ಕಾಣಬೇಕಾದರೆ ಸುಮಾರು 9 ಮಿ.ಮೀ. ಸಾಕು. ಅಮ್ಮನ ಬಿಂದಿ ಪ್ಯಾಕೆಟ್ಟಿನಲ್ಲಿ ಅಷ್ಟಗಲದ ಕಪ್ಪು ಬಿಂದಿ ಸಿಗುತ್ತದೆ. ಸ್ಕೇಲಿನಲ್ಲಿ ಅಳೆದು, ಬಿಳಿ ಹಾಳೆಗೆ ಅಂಟಿಸಿ, ಕಣ್ಣಿನಿಂದ 3 ಮೀಟರ್ ದೂರದ ಗೋಡೆಗೆ ಹಚ್ಚಿ.

ಎತ್ತರದಲ್ಲಿ ಬಹಳ ಜನ ತಪ್ಪುತ್ತಾರೆ. ಪಂದ್ಯದಲ್ಲಿ ಗುರಿಯ ಮಧ್ಯ ನೆಲದಿಂದ 1.4 ಮೀಟರ್ ಅಂತ ಗೊತ್ತಾಗಿ ಬಿಂದಿಯನ್ನೂ 1.4ಕ್ಕೇ ಅಂಟಿಸುತ್ತಾರೆ. ಇದು ಸರಿಯಲ್ಲ. ಸೈಟಿನಲ್ಲಿ ನೋಡುವಾಗ ನಿಮ್ಮ ಕಣ್ಣು ನೆಲದಿಂದ 150 ಸೆಂ.ಮೀ. ಇದ್ದರೆ, ನೋಟ 10 ಮೀಟರ್ ಹೋಗುವುದರಲ್ಲಿ 10 ಸೆಂ.ಮೀ. ಇಳಿಯುತ್ತದೆ. 3 ಮೀಟರಿನಲ್ಲಿ ಇಳಿಯುವುದು 3 ಸೆಂ.ಮೀ. ಮಾತ್ರ. ಬಿಂದಿ 147ಕ್ಕೆ ಬರಬೇಕು. ಹಾಗಿದ್ದರೆ ಮಾತ್ರ ಮನೆಯಲ್ಲಿ ಕಲಿತ ನಿಲುವು ರೇಂಜಿಗೂ ಸಲ್ಲುತ್ತದೆ. ನಿಮ್ಮ ಕಣ್ಣಿನ ಎತ್ತರ ಅಳೆದು ಇದೇ ಲೆಕ್ಕ ಹಾಕಿ.

ಹೋಲ್ಡಿಂಗ್: ರೈಫಲ್ ಎತ್ತಿ, ಬಿಂದಿಯನ್ನು ನಳಿಗೆಯ ಮುಂತುದಿಯಲ್ಲಿರುವ ಫ್ರಂಟ್ ಸೈಟಿನ ಉಂಗುರದೊಳಗೆ ತಂದು, 20 ಸೆಕೆಂಡ್ ಹಿಡಿದು, ಇಳಿಸಿ. ಒಂದು ನಿಮಿಷ ವಿಶ್ರಾಂತಿ. ಹತ್ತು ಸಲ. ವಾರ ಕಳೆದ ಮೇಲೆ ಟ್ರಿಗರ್ ಸೇರಿಸಿ. ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ, ವ್ಯವಸ್ಥೆ ಇರುವ ರೈಫಲ್ಲಿನಲ್ಲಿ ಮಾತ್ರ ಇದನ್ನು ಮಾಡಿ. ಶುರು ಮಾಡುವ ಮೊದಲು ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ, ನಳಿಗೆ ಖಾಲಿ ಇದೆಯೇ ಅಂತ ಎರಡು ಸಲ ನೋಡಿ.

## 5. ಒಂದು ಶಾಟ್, ಪ್ರತಿ ಸಲವೂ ಒಂದೇ ಕ್ರಮ

ಎತ್ತಿ. ಕೆನ್ನೆ ಕೂರಿಸಿ. ಒಮ್ಮೆ ಪೂರ್ತಿ ಉಸಿರು ತೆಗೆದುಕೊಳ್ಳುವಾಗ ನಳಿಗೆ ಏಳುತ್ತದೆ, ಬಿಡುವಾಗ ಕಪ್ಪಿನ ಮೇಲೆ ಬಂದು ಇಳಿಯುತ್ತದೆ. ಉಸಿರು ಸುಮಾರು ಅರ್ಧ ಉಳಿದಾಗ ನಿಲ್ಲಿಸಿ. ಟ್ರಿಗರಿನ ಮೊದಲ ಒತ್ತು, ಅಂದರೆ ಸಿಡಿಯುವ ಮೊದಲಿನ ಹಗುರ ಒತ್ತು, ತೆಗೆದುಕೊಳ್ಳಿ. ಕಣ್ಣು ಫ್ರಂಟ್ ಸೈಟಿನ ಉಂಗುರದ ಮೇಲಿರಲಿ, ಗುರಿ ಸ್ವಲ್ಪ ಮಸುಕಾಗಿ ಕಂಡರೆ ಕಾಣಲಿ. ಕಪ್ಪಿನ ಸುತ್ತ ಬಿಳಿ ಎಲ್ಲ ಕಡೆ ಸಮನಾಗಿದ್ದಾಗ ಬೆರಳಿನ ತುದಿಯಿಂದ ನೇರ ಹಿಂದಕ್ಕೆ ಒತ್ತಿ. ಸಿಡಿದ ಮೇಲೂ ಎರಡು ಸೆಕೆಂಡ್ ಅಲ್ಲಾಡದೆ ನೋಡುತ್ತಿರಿ.

ಉಸಿರು ನಿಲ್ಲಿಸಿದ ಮೇಲೆ ಆರರಿಂದ ಎಂಟು ಸೆಕೆಂಡ್. ಅಷ್ಟರಲ್ಲಿ ಆಗಲಿಲ್ಲವೆಂದರೆ ಇಳಿಸಿ. ಹೊಸಬರಿಗೆ ಈ "ಇಳಿಸಿ" ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಇಷ್ಟೊತ್ತು ಹಿಡಿದದ್ದು ದಂಡವಾಯಿತಲ್ಲ ಅನ್ನಿಸುತ್ತದೆ. ಅಷ್ಟರಲ್ಲಿ ಕಣ್ಣು ಮಂಜಾಗುತ್ತದೆ, ನಡುಕ ಹೆಚ್ಚುತ್ತದೆ, ಕಪ್ಪು ಉಂಗುರದೊಳಗೆ ಬಂದ ಕ್ಷಣದಲ್ಲಿ ಬೆರಳು ಟ್ರಿಗರ್ ಜಗ್ಗಿಬಿಡುತ್ತದೆ. ಏಳೋ ಆರೋ ಅಂಕ ಬೀಳುವುದು ಆಗಲೇ. ಅದಕ್ಕೆ ನಮ್ಮಲ್ಲಿ ಒಂದು ರೂಢಿ ಇದೆ. ಪ್ರತಿ ಹತ್ತು ಶಾಟಿನಲ್ಲಿ ಎರಡು ಸಲವಾದರೂ ಎಲ್ಲ ಸರಿಯಿದ್ದರೂ ಬೇಕೆಂದೇ ಇಳಿಸಬೇಕು. ಇಳಿಸುವುದನ್ನೂ ಕೈ ಕಲಿಯಬೇಕಲ್ಲ.

ಮಾನಿಟರ್ ನೋಡುವ ಮೊದಲು ಶಾಟ್ ಎಲ್ಲಿ ಹೋಯಿತು ಅಂತ ನೀವೇ ಹೇಳಿಕೊಳ್ಳಿ: "ಬಲಕ್ಕೆ, ಒಂಬತ್ತು." ಆಮೇಲೆ ನೋಡಿ. ಹೇಳಿದ್ದು ಮತ್ತು ಬಿದ್ದದ್ದು ಹೊಂದುವ ಹೊತ್ತಿಗೆ ನೀವು ಸೈಟ್ ಮುಟ್ಟಲು ಅರ್ಹರಾಗಿರುತ್ತೀರಿ.

## 6. ಸೈಟ್: ಈಗ ಮಾತ್ರ

ಮೊದಲು ಗುಂಪು, ಆಮೇಲೆ ಜಾಗ. ಐದು ಶಾಟ್ ಹೊಡೆದು ಆ ತೂತುಗಳ ಮೇಲೆ 10 ರೂಪಾಯಿ ನಾಣ್ಯ ಇಡಿ. ನಾಣ್ಯದ ಅಗಲ 27 ಮಿ.ಮೀ. ಐದೂ ಮುಚ್ಚಿಹೋಗುವ ತನಕ, ಗುಂಪು ಟಾರ್ಗೆಟ್ಟಿನ ಯಾವ ಮೂಲೆಯಲ್ಲಿದ್ದರೂ ಸರಿ, ತಿರುಪು ಮುಟ್ಟಬೇಡಿ. ಮುಚ್ಚಿದ ಮೇಲೆ ಗುಂಪಿನ ನಡುವನ್ನು ಲೆಕ್ಕ ಹಿಡಿದು ಸರಿಸಿ, ಒಂದೇ ಶಾಟ್ ನೋಡಿ ಅಲ್ಲ. ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ., ಒಂದೊಂದು ಉಂಗುರದ ನಡುವೆ 2.5 ಮಿ.ಮೀ. ಗುಂಪಿನ ಹೊರ ಅಂಚಿನಿಂದ ಅಂಚಿಗೆ 14.5 ಮಿ.ಮೀ. ಒಳಗೆ ಬಂದು, ಅದು ನಡುವೆ ಕೂತರೆ ಒಂಬತ್ತಕ್ಕಿಂತ ಕಡಿಮೆ ಒಂದೂ ಇರುವುದಿಲ್ಲ.

ತಿರುಪಿನ ಮೇಲಿನ ಅಕ್ಷರಗಳು ಹೊಸಬರನ್ನು ದಾರಿ ತಪ್ಪಿಸುತ್ತವೆ. ಜರ್ಮನ್ ಸೈಟುಗಳಲ್ಲಿ 'ಎಚ್' ಅಂದರೆ ಶಾಟ್ ಮೇಲೆ ಬೀಳುತ್ತಿದ್ದರೆ ಈ ಕಡೆ ತಿರುಗಿಸಿ ಅಂತ, ಶಾಟ್ ಮೇಲಕ್ಕೆ ಹೋಗುತ್ತದೆ ಅಂತ ಅಲ್ಲ. 'ಟಿ' ಕೆಳಗೆ ಬೀಳುತ್ತಿದ್ದರೆ. 'ಆರ್', 'ಎಲ್' ಕೂಡ ಹಾಗೆಯೇ. ಬೇರೆ ಸೈಟುಗಳಲ್ಲಿ ಗುರುತಿನ ಅರ್ಥ ಬೇರೆ ಇರಬಹುದು. ಹೊಸ ಸೈಟ್ ಕೈಗೆ ಬಂದ ದಿನವೇ ಹತ್ತು ಕ್ಲಿಕ್ ತಿರುಗಿಸಿ, ಐದು ಶಾಟ್ ಹೊಡೆದು, ಗುಂಪು ಯಾವ ಕಡೆ ಎಷ್ಟು ಸರಿಯಿತು ಅಂತ ಬರೆದಿಟ್ಟುಕೊಳ್ಳಿ.

ಗುಂಪಿನ ಆಕಾರ ಓದಲು ಕಲಿಯಿರಿ. ಮೇಲಿಂದ ಕೆಳಕ್ಕೆ ಉದ್ದಕ್ಕೆ ಬಿದ್ದಿದ್ದರೆ ಉಸಿರು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದೆ. ಅಡ್ಡಡ್ಡ ಹರಡಿದ್ದರೆ ಪಾದ ನೋಡಿ. ದಿಕ್ಕಿಲ್ಲದೆ ಚದುರಿದ್ದರೆ ಕೆನ್ನೆ ಒಂದೇ ಜಾಗದಲ್ಲಿ ಕೂರುತ್ತಿಲ್ಲ. ಕೆಳಗೆ ಬಲಕ್ಕೆ ಸರಿಯುತ್ತಾ ಹೋದರೆ ರೈಫಲ್ ಬಲಕ್ಕೆ ವಾಲುತ್ತಿದೆಯೇ ನೋಡಿ. ಇವು ಯಾವುದಕ್ಕೂ ತಿರುಪಿನಲ್ಲಿ ಔಷಧಿ ಇಲ್ಲ.

## 7. ಪಂದ್ಯದ ದಿನ

ಎಂಟ್ರಿ ತುಂಬುವಾಗಲೇ ಓಪನ್ ಸೈಟ್ (ಕಚ್ಚಿನ ಮೂಲಕ ನೋಡುವುದು) ಯಾವುದು, ಪೀಪ್ ಸೈಟ್ (ಪುಟ್ಟ ತೂತಿನ ಮೂಲಕ ನೋಡುವುದು) ಯಾವುದು ಅಂತ ನೋಡಿ ತುಂಬಿ. ಅವು ಬೇರೆ ಬೇರೆ ವಿಭಾಗ. ರೈಲಿನಲ್ಲಿ ಬೆಂಗಳೂರಿಗೆ ಹೋಗುವುದಾದರೆ ರೈಫಲ್ಲಿನ ಬಿಲ್, ಗುರುತಿನ ಚೀಟಿ, ಎಂಟ್ರಿಯ ಪ್ರತಿ ಕೇಸಿನೊಳಗೇ ಇರಲಿ. ಹಿಂದಿನ ದಿನವೇ ತಲುಪಿ.

ಬೆಳಿಗ್ಗೆ ಬೆಣ್ಣೆ ದೋಸೆ ಬೇಡ. ನಮ್ಮೂರಿನವರಿಗೆ ಇದನ್ನು ಹೇಳಲು ಕಷ್ಟವೇ, ಆದರೆ ತುಂಬಿದ ಹೊಟ್ಟೆಯ ಮೇಲೆ ಆ ಜಾಕೆಟ್ ಬಿಗಿದರೆ ಉಸಿರು ಮೇಲೆಯೇ ನಿಲ್ಲುತ್ತದೆ. ಎರಡು ತಾಸು ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು. ದಿನಾ ಕಾಫಿ ಕುಡಿಯದವರು ಅವತ್ತು ಕುಡಿಯಬೇಡಿ, ಎದೆಬಡಿತ ಸೈಟಿನಲ್ಲೇ ಕಾಣುತ್ತದೆ. ಒಳಗೆ ಹತ್ತಿಯ ತುಂಬು ತೋಳಿನ ಬನಿಯನ್, ಬ್ಯಾಗಿನಲ್ಲಿ ಇನ್ನೊಂದು.

ಲೇನ್ ನಂಬರ್ ನೋಡಿ. ಟಾರ್ಗೆಟ್ಟಿನ ಮೇಲಿನ ನಂಬರ್ ನೋಡಿ. ಎರಡೂ ಒಂದೇನಾ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ನನ್ನ ಮೊದಲ ಪಂದ್ಯದಲ್ಲಿ ನಾನು ನೀರು ಕುಡಿದು ವಾಪಸು ನಿಂತವನು ಪಕ್ಕದವರ ಟಾರ್ಗೆಟ್ಟಿಗೆ ಹೊಡೆದೆ. ಮಾನಿಟರಿನಲ್ಲಿ ನನ್ನ ಶಾಟ್ ಬರಲೇ ಇಲ್ಲ. ನನ್ನ ಲೆಕ್ಕಕ್ಕೆ ಸೊನ್ನೆ. ಅದಕ್ಕಿಂತ ನೋವಾಗಿದ್ದು ಪಕ್ಕದ ಹುಡುಗಿ ಬೆಚ್ಚಿ ರೈಫಲ್ ಇಳಿಸಿದ್ದು. ಆ ಗಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಪ್ರತಿ ವಿಶ್ರಾಂತಿಯ ನಂತರ ನಂಬರ್ ಓದುತ್ತೇನೆ.

ಮೊದಲ 15 ನಿಮಿಷ ತಯಾರಿ ಮತ್ತು ಸೈಟರ್, ಅಂದರೆ ಲೆಕ್ಕಕ್ಕೆ ಬಾರದ ಪರೀಕ್ಷೆಯ ಶಾಟ್. ಸೈಟರ್ ಎಷ್ಟು ಬೇಕಾದರೂ ಹೊಡೆಯಬಹುದು. ಮೂರನೇ ಹಂತದ ಕಣ್ಣು ಮುಚ್ಚುವ ಪರೀಕ್ಷೆ ಮಾಡದೆ ಮೊದಲ ಸೈಟರ್ ಹೊಡೆಯಬೇಡಿ. ಹೊಸ ಜಾಗದಲ್ಲಿ ಬೆಳಕು ಬೇರೆ ಇರುತ್ತದೆ, ಆದ್ದರಿಂದ ಒಂದೆರಡು ಕ್ಲಿಕ್ ಬೇಕಾಗಬಹುದು. ಐದು ಶಾಟಿನ ಗುಂಪು ನೋಡಿ ಸರಿಸಿ. ಆಮೇಲೆ "ಸ್ಟಾಪ್" ಬರುತ್ತದೆ, "ಮ್ಯಾಚ್ ಫೈರಿಂಗ್ ಸ್ಟಾರ್ಟ್" ಬರುವ ತನಕ ಹೊಡೆಯುವಂತಿಲ್ಲ. ಅವಸರದಲ್ಲಿ ಈ ನಡುವೆ ಹೊಡೆದವರಿಗೆ ಅಂಕ ಹೋಗುತ್ತದೆ. ಪೆಲೆಟ್ ಹಾಕುವುದು ಮರೆತು ಗಾಳಿ ಮಾತ್ರ ಬಿಟ್ಟರೆ ಮೊದಲ ಸಲ ಎಚ್ಚರಿಕೆ, ಮತ್ತೆ ಮಾಡಿದರೆ ಅಂಕ ಕಡಿತ.

ಎಲೆಕ್ಟ್ರಾನಿಕ್ ಟಾರ್ಗೆಟ್ಟಿನಲ್ಲಿ 60 ಶಾಟಿಗೆ 75 ನಿಮಿಷ, ಕಾಗದದ ಟಾರ್ಗೆಟ್ಟಿನಲ್ಲಿ 90. ಹೊಸಬರು ಭಯಕ್ಕೆ 35 ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಹತ್ತು ಶಾಟಿಗೆ ಹತ್ತೂವರೆ ನಿಮಿಷ ಅಂತ ಇಟ್ಟುಕೊಂಡರೂ 12 ನಿಮಿಷ ಉಳಿಯುತ್ತದೆ. ಎರಡು ಶಾಟ್ ಸಾಲಾಗಿ ಕೆಟ್ಟರೆ ರೈಫಲ್ ಸ್ಟ್ಯಾಂಡಿನ ಮೇಲಿಟ್ಟು ಫ್ಲ್ಯಾಗ್ ಹಾಕಿ ಕೂತುಕೊಳ್ಳಿ, ಆ ಸಮಯದಿಂದಲೇ ಖರ್ಚು ಮಾಡಿ. ಎದ್ದ ಮೇಲೆ ಮೊದಲು ಪಾದ, ಆಮೇಲೆ ಸೊಂಟ, ಕೆನ್ನೆ, ಉಸಿರು. ಇವೆಲ್ಲ ಸರಿಯಿದ್ದು, ನೀವು ಹತ್ತು ಅಂದುಕೊಂಡ ಮೂರು ಶಾಟ್ ಒಂದೇ ಕಡೆ ಒಂಬತ್ತಾದರೆ ಮಾತ್ರ ತಿರುಪು.

ಮುಗಿದ ಮೇಲೆ ಫಲಿತಾಂಶದ ಹಾಳೆಯ ಮುಂದೆ ಗುಂಪು ಸೇರುವ ಮೊದಲೇ ನೋಟ್‌ಬುಕ್ ತೆರೆದು ಬರೆಯಿರಿ: ಎಷ್ಟು ಸಲ ಇಳಿಸಿದಿರಿ, ಎಷ್ಟನೇ ಶಾಟಿಗೆ ಕಾಲು ಸೋತಿತು, ಎಷ್ಟು ಕ್ಲಿಕ್ ಸರಿಸಿದಿರಿ. ಊರಿಗೆ ಬಂದ ಮಾರನೇ ದಿನ ರೈಫಲ್ ಮುಟ್ಟಬೇಡಿ. ಅದರ ಮರುದಿನ ಸಂಜೆ ಗೋಡೆಯ ಮೇಲಿನ ಬಿಂದಿಯಿಂದ ಮತ್ತೆ ಶುರು ಮಾಡಿ, 20 ಸೆಕೆಂಡಿನಂತೆ ಹತ್ತು ಸಲ.